ಮನೆಗೆ ಹೇಳಬಾರದು

ಆ ನಿಯಮ ಮಾಡಿದವಳು ನಾನೇ. ಶಾಲೆಗೋ ಮನೆಗೋ ಹೋಗದೆ ನಮ್ಮ ಬೀದಿಯಲ್ಲಿ ಯಾವ ಮಗು ಅಲೆಯುತ್ತಿದ್ದರೂ ಅಂಗಡಿಯವರು ಕರೆದು ಕೂರಿಸಬೇಕು, ನೀರು ಕೊಡಬೇಕು, ಶಾಲೆಗೆ ಫೋನ್ ಮಾಡಬೇಕು. ಮಗು ಒಪ್ಪುವ ತನಕ ಮನೆಗೆ ಮಾತ್ರ ಹೇಳಬಾರದು. ಮೊದಮೊದಲು ಮನೆಗೇ ಹೇಳುತ್ತಿದ್ದೆವು. ಒಬ್ಬ ಅಪ್ಪ ಮಗನಿಗೆ ಬೆಲ್ಟಿನಲ್ಲಿ ಬಾರಿಸಿದ, ಹುಡುಗ ಊರು ಬಿಟ್ಟೇ ಹೋದ. ಆಮೇಲೆ ಶಾಲೆಯಲ್ಲಿ ನಡೆದ ಸಭೆಯಲ್ಲಿ ನಾನು ಮೇಜು ಗುದ್ದಿ ಈ ಮಾತು ಸೇರಿಸಿದೆ. ಹೆಡ್ ಮೇಡಂ ಚಪ್ಪಾಳೆ ತಟ್ಟಿದರು. ನನ್ನ ಹೊಲಿಗೆ ಅಂಗಡಿಯಲ್ಲೇ ಎಷ್ಟೋ ಮಕ್ಕಳು ಕೂತು ಅತ್ತು ಹಗುರಾಗಿ ಹೋಗಿದ್ದಾರೆ.

ಇವತ್ತು ಶಾಲೆ ಬಿಟ್ಟು ಮಕ್ಕಳೆಲ್ಲ ದಾಟಿ ಹೋದರೂ ನನ್ನ ಮಗಳು ಬರಲಿಲ್ಲ. ಒಂಬತ್ತನೇ ಕ್ಲಾಸಿನವಳು. ಒಂದು ಅಂಗಿಯ ತೋಳನ್ನು ತಿರುವುಮುರುವಾಗಿ ಹೊಲಿದೆ, ಬಿಚ್ಚಿದೆ, ಮತ್ತೆ ಹಾಗೇ ಹೊಲಿದೆ. ಮುಳ್ಳಿನ ಮೇಲೆ ಕೂತ ಹಾಗಿತ್ತು. ಬರಲಿ, ಕಾಲು ಮುರಿಯುತ್ತೇನೆ ಎಂದು ಗೊಣಗಿದೆ. ಇನ್ನೂ ಸ್ವಲ್ಪ ಹೊತ್ತಾದ ಮೇಲೆ, ಬಂದರೆ ಸಾಕಪ್ಪ ಎನ್ನುವಂತಾಯಿತು. ಕತ್ತರಿ ಬಿಸಾಕಿ ಬೀದಿಗಿಳಿದೆ.

ಬೇಕರಿಯವನನ್ನು ಕೇಳಿದೆ. ನೋಡಿಲ್ಲ ಎಂದವನೇ ಗಾಜು ಒರೆಸಲು ಶುರುಮಾಡಿದ. ಆ ಗಾಜಿಗೆ ಬಟ್ಟೆ ತಾಗಿದ್ದನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಕ್ಷೌರದಂಗಡಿಯವ, ಸಿಕ್ಕಿದವರ ಮನೆ ಸುದ್ದಿಯನ್ನೆಲ್ಲ ಉಸಿರು ಬಿಡದೆ ಹೇಳುವ ಮಹಾನುಭಾವ, ಬಾಯಿಗೆ ಬೀಗ ಹಾಕಿಕೊಂಡಿದ್ದ. ಇವರಿಗೆಲ್ಲ ಗೊತ್ತಿದೆ, ಗೊತ್ತಿದ್ದೂ ಹೇಳುತ್ತಿಲ್ಲ. ಯಾಕೆಂದು ಹೊಳೆದಾಗ ಕಂಬ ಹಿಡಿದು ನಿಂತುಬಿಟ್ಟೆ. ಇವತ್ತು ಮನೆ ಎಂದರೆ ನಾನು.

ಬಸ್ ಸ್ಟಾಪಿನ ಪಕ್ಕದ ಇಸ್ತ್ರಿ ಅಂಗಡಿಯ ಬಾಗಿಲು ಅರ್ಧ ಮುಚ್ಚಿತ್ತು. ಹೊರಗೆ ಹೆಡ್ ಮೇಡಂ ಸ್ಕೂಟರ್ ನಿಂತಿತ್ತು. ನುಗ್ಗಿದೆ. ಮಡಿಸಿಟ್ಟ ಬಟ್ಟೆಗಳ ನಡುವೆ ಸ್ಟೂಲಿನ ಮೇಲೆ ಮಗಳು ಕೂತಿದ್ದಳು, ತೊಡೆಯ ಮೇಲೆ ಉಬ್ಬಿದ ಬ್ಯಾಗು. ನನ್ನನ್ನು ಕಂಡದ್ದೇ ಎದ್ದು ಇಸ್ತ್ರಿ ಅಜ್ಜನ ಬೆನ್ನ ಹಿಂದೆ ಸರಿದು, ಅವರ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಬಸ್ ಹತ್ತೋಕೆ ನಿಂತಿದ್ಲಮ್ಮ," ಎಂದರು ಅಜ್ಜ. "ಪರೀಕ್ಷೇಲಿ ಫೇಲಂತೆ. ಮನೆಗೆ ಹೋದ್ರೆ ಅಮ್ಮ ಕೊಂದೇ ಬಿಡ್ತಾಳೆ ಅಂತಾಳೆ."

ನಾನು ಯಾರನ್ನು ಕೊಂದಿದ್ದೇನೆ ಎಂದು ಕೂಗಬೇಕೆನ್ನಿಸಿತು. ಆಗ ನೋಡಿದರೆ ನನ್ನ ಕೈ ಮೇಲೆದ್ದೇ ಇತ್ತು. ಯಾವಾಗ ಎತ್ತಿದೆನೋ ನನಗೇ ತಿಳಿಯದು. ಎಲ್ಲರೂ ಅದನ್ನೇ ನೋಡುತ್ತಿದ್ದರು. ಕೈ ಇಳಿಸಿದೆ.

"ಅವಳಿನ್ನೂ ಒಪ್ಪಿಲ್ಲ," ಹೆಡ್ ಮೇಡಂ ಮೆಲ್ಲಗೆ ಹೇಳಿದರು. "ನೀವು ಹೊರಗಡೆ ಇರಿ."

ಹೊರಗೆ ಬಂದೆ. ಬಾಗಿಲ ಬಳಿ ಕೂತರೆ ಅವಳ ಕಣ್ಣಿಗೆ ಬೀಳುತ್ತೇನೆಂದು ರಸ್ತೆ ದಾಟಿ ಎದುರಿನ ಕಟ್ಟೆಯ ಮೇಲೆ ಕೂತೆ. ಬಸ್ಸು ಬಂತು, ನಿಂತಿತು, ಹೋಯಿತು. ಮೇಡಂ ಒಮ್ಮೆ ಇಣುಕಿ, ಇನ್ನೂ ಇಲ್ಲವೆಂದು ತಲೆಯಾಡಿಸಿದರು. ಎದ್ದು ಓಡಬೇಕೆನ್ನಿಸಿದಾಗಲೆಲ್ಲ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತೆ.