ಕರಿಯಂಚಿನ ಹೆಣ್ಣು

ಆ ಬೆಟ್ಟದೂರಿನ ಇಗರ್ಜಿಯಲ್ಲಿ ಬಲಗಡೆಯ ಗೋಡೆ ಪೂರ್ತಿ ನರಕ. ಯಾವ ಕಾಲದಲ್ಲಿ ಯಾರು ಬರೆದರೋ, ಬರೆದವನ ಹೆಸರು ಅಳಿದುಹೋಗಿತ್ತು; ಅವನು ಬರೆದ ಪಾಪಿಗಳು ಮಾತ್ರ ಊರಲ್ಲಿ ಬದುಕಿಯೇ ಇದ್ದರು. ಅವರಲ್ಲಿ ಸೊಂಟಕ್ಕೆ ಗಡಿಗೆ ಕಟ್ಟಿಕೊಂಡವಳೊಬ್ಬಳನ್ನು ದೆವ್ವವೊಂದು ಜಡೆ ಹಿಡಿದು ಎಳೆಯುತ್ತಿತ್ತು. ಅವಳ ಲಂಗಕ್ಕೆ ಕರಿಯಂಚು. ಕರಿಯಂಚು ಕೆಳಕೇರಿಯವರದು, ಕೆಂಪಂಚು ಮೇಲುಕೇರಿಯವರದು. ಕೆಳಕೇರಿಯಲ್ಲಿ ಮೆಕ್ಕೆಜೋಳದ ಹೆಂಡ ಕಾಯಿಸುವ ಮನೆ ಒಂದೇ, ತಿಂತಾಯಾ ಅವರದು.

ಪ್ರತಿ ವರ್ಷ ಶುಭ ಶುಕ್ರವಾರದ ಮಧ್ಯಾಹ್ನ ಮೆಲಿತೋನ್ ಅಜ್ಜ ಉದ್ದದ ಬೆತ್ತ ಹಿಡಿದು ಒಬ್ಬೊಬ್ಬ ಪಾಪಿಯನ್ನೇ ತೋರಿಸುತ್ತ ಪದ ಹೇಳುತ್ತಿದ್ದ.

"ಕೆಳಕೇರಿಯ ಹೆಣ್ಣೇ, ಕರಿಯಂಚಿನ ಹೆಣ್ಣೇ,
ಬಾಯಾರಿ ಬಂದವನು ಸ್ವಾಮಿ ಎಂದರಿಯದೆ
ಗಡಿಗೆ ಮುಚ್ಚಿದೆಯಲ್ಲೇ."

ಆಗ ಊರೆಲ್ಲ ತಿರುಗಿ ತಿಂತಾಯಾ ಮನೆಯವರನ್ನು ನೋಡುವುದು ರೂಢಿ. ಆ ಮನೆಯ ಪಾಸ್ಕುವಾಲಾ ಆ ಪದವನ್ನು ತಾಯಿಯ ಸೆರಗಿನ ಮರೆಯಲ್ಲಿ ನಿಂತು ಕೇಳಿ ಬೆಳೆದವಳು. ದಾರಿಹೋಕರು ಅವಳ ಹೆಂಡ ಕುಡಿದು ಹರಸಿ ಹೋಗುತ್ತಿದ್ದರು. ಊರಿನವರು ಅವಳ ಕೈಯಿಂದ ಬಟ್ಟಲು ತೆಗೆದುಕೊಳ್ಳುತ್ತಿರಲಿಲ್ಲ. ಹೆಣ್ಣಿನ ತಾಯಿ ಕೊಟ್ಟ ಬಟ್ಟಲನ್ನು ಗಂಡಿನ ತಾಯಿ ಕುಡಿಯದೆ ಅಲ್ಲಿ ಮದುವೆ ಇಲ್ಲ. ಹಾಗಾಗಿ ಮಗಳು ನಿಯೆವೆಸ್ ಮೇಲುಕೇರಿಯ ಹುಡುಗನನ್ನು ಮೆಚ್ಚಿ ಎರಡು ಸುಗ್ಗಿ ಕಳೆದರೂ ಮಾತು ಮುಂದುವರಿದಿರಲಿಲ್ಲ.

ಆ ವರ್ಷ ಕುಸ್ಕೋ ಪಟ್ಟಣದಿಂದ ಚಿತ್ರ ದುರಸ್ತಿ ಮಾಡುವ ಹೆಂಗಸೊಬ್ಬಳು ಬಂದು ಗೋಡೆ ಒರೆಸತೊಡಗಿದಳು. ಮೇಣದಬತ್ತಿಯ ಮಸಿ ಎದ್ದುಬಂತು. ಗಡಿಗೆಯವಳ ಅಂಚು ಕರಿಯದಾಗಿರಲಿಲ್ಲ. ಕೆಂಪು, ಆಗತಾನೆ ಅದ್ದಿ ತೆಗೆದಂಥ ಕೆಂಪು.

ಪಾಸ್ಕುವಾಲಾ ಮೊಣಕಾಲೂರಿ ಬಹಳ ಹೊತ್ತು ಅತ್ತಳು. ಗಂಡಿನ ತಾಯಿ ಬ್ರಿಹಿದಾಳೂ ಬಂದು ನೋಡಿದಳು. ಮುಖ ಸಣ್ಣದಾದರೂ ಸುಳ್ಳಾಡುವವಳಲ್ಲ. ಶುಕ್ರವಾರದ ಪದವೊಂದು ಮುಗಿಯಲಿ, ಈಸ್ಟರ್ ಭಾನುವಾರ ನಿನ್ನ ಮನೆಗೇ ಬಂದು ಕುಡಿಯುತ್ತೇನೆ ಎಂದಳು.

ಪಾಸ್ಕುವಾಲಾ ಒಂದು ಹಿಡಿ ಕೋಕಾ ಎಲೆ ತೆಗೆದುಕೊಂಡು ಮೆಲಿತೋನ್ ಅಜ್ಜನ ಬಳಿ ಹೋದಳು. ಅಜ್ಜ ಎಲೆ ಜಗಿಯುತ್ತ ಕೇಳಿಸಿಕೊಂಡ.

"ನೋಡಿದೀನಿ ಕಣವ್ವ. ಕೆಂಪೇ ಐತೆ."

"ಹಂಗಾರೆ ಆ ಒಂದು ಸಾಲು ಬಿಟ್ಬಿಡಜ್ಜ. ಮೇಲುಕೇರಿ ಅನ್ನಬ್ಯಾಡ. ಯಾರ ಕೇರೀನೂ ಅನ್ನಬ್ಯಾಡ."

"ನಿನ್ ಮಗಳಿಗೆ ಒಳ್ಳೇದಾಗ್ಲಿ ಅಂತ ನಂಗೂ ಐತೆ," ಎಂದ ಅಜ್ಜ. "ಬಾಯಿ ಕೇಳಬೇಕಲ್ಲ. ನೋಡಾನ."

ಶುಕ್ರವಾರ ಬಂತು. ಬೆತ್ತ ಗಡಿಗೆಯವಳ ಹತ್ತಿರ ಬಂದು ನಿಂತಿತು. ಅಜ್ಜ ಸುಮ್ಮನಾದ. ಕೆಮ್ಮಿದ. ಕೆಂಪಂಚನ್ನು ಕಣ್ಣು ಕಿರಿದುಮಾಡಿ ನೋಡಿದ. ಬಿಟ್ಟೇಬಿಟ್ಟ ಎಂದು ಪಾಸ್ಕುವಾಲಾ ಎದೆಯ ಮೇಲೆ ಕೈಯಿಟ್ಟುಕೊಂಡಳು.

ಆ ಮೌನದಲ್ಲಿ ಹಿಂದಿನಿಂದ ಯಾವುದೋ ಮಗು ಶುರುಮಾಡಿತು, "ಕೆಳಕೇರಿಯ ಹೆಣ್ಣೇ..." ಅಜ್ಜ ಮರೆತನೆಂದು ನೆನಪಿಸುವಂತೆ. ಇನ್ನೊಬ್ಬರು ಸೇರಿದರು. ಆಮೇಲೆ ಎಲ್ಲರೂ. ದ್ವೇಷವೇನಿರಲಿಲ್ಲ, ಜಪಕ್ಕೆ ಜಪ ಸೇರಿದ ಹಾಗೆ. ಅಜ್ಜನೂ ಕಣ್ಣುಮುಚ್ಚಿ ಅದೇ ರಾಗಕ್ಕೆ ಬಿದ್ದ. ಕೆಂಪಂಚಿನ ಕೆಳಗೆ ನಿಂತು ಊರು ಕರಿಯಂಚು ಎಂದು ಹಾಡಿತು, ಹಾಡುತ್ತಲೇ ಹಿಂದಿನಂತೆ ತಿರುಗಿ ನೋಡಿತು.

ಬ್ರಿಹಿದಾ ಕೂಡ ನೋಡಿದಳು. ನೋಡಿ, ತಲೆ ತಗ್ಗಿಸಿದಳು.

ನಿಯೆವೆಸ್ ಮಾತ್ರ ತಾಯಿಯ ಬಾಯನ್ನೇ ದಿಟ್ಟಿಸುತ್ತಿದ್ದಳು. ಪಾಸ್ಕುವಾಲಾಗೆ ಆಗ ತಿಳಿಯಿತು, ತನ್ನ ತುಟಿಗಳೂ ಆಡುತ್ತಿದ್ದವು. ಗಡಿಗೆ ಮುಚ್ಚಿದೆಯಲ್ಲೇ. ಒಂದಕ್ಷರವೂ ತಪ್ಪಿರಲಿಲ್ಲ.

ಭಾನುವಾರ ಅವಳು ಬಟ್ಟಲು ತೊಳೆದಿಟ್ಟು ಬಾಗಿಲಲ್ಲಿ ಕೂತಳು. ಸಂಜೆಯ ಹೊತ್ತಿಗೆ ಗಡಿಗೆಯ ನೊರೆ ಇಳಿಯಿತು, ಬ್ರಿಹಿದಾ ಬರಲಿಲ್ಲ. ರೂಢಿಯಂತೆ ಮೊದಲ ಹನಿಗಳನ್ನು ಭೂತಾಯಿಗೆ ಚೆಲ್ಲಿದಳು. ಉಳಿದದ್ದನ್ನು ಮುಚ್ಚಲು ಹೋಗಿ, ಮುಚ್ಚಳ ಕೈಯಲ್ಲಿ ಹಿಡಿದು ಹಾಗೇ ನಿಂತಳು.