ನೀರು ಸಾಕುವವನು

ನನ್ನ ತಮ್ಮನಿಗೆ ‘ಅರ್ಧಂಬರ್ಧ’ ಎಂದು ಹೆಸರಿಟ್ಟವಳು ನಾನೇ. ಹೆಸರೇನು ಸುಮ್ಮನೆ ಇಟ್ಟದ್ದಲ್ಲ. ಗಿಟಾರ್ ಕಲಿಯುತ್ತೇನೆಂದು ಹೊರಟು ಎರಡು ತಂತಿ ಕಡಿದು ಮೂಲೆಗೆ ಒರಗಿಸಿದ. ನನ್ನ ಬಾಲ್ಕನಿಯ ಗೋಡೆಗೆ ಬಣ್ಣ ಹೊಡೆಯಲು ನಿಂತವನು ಕೈ ಎಟುಕುವಷ್ಟು ಹೊಡೆದು ಕೈಬಿಟ್ಟ. ಆ ಗೆರೆ ಇವತ್ತಿಗೂ ಇದೆ. ಸಂಸಾರವನ್ನೂ ಹಾಗೇ ಮಾಡಿಕೊಂಡ. ಹೆಂಡತಿ ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಬೇರೆ ಮನೆ ಮಾಡಿದಳು. ಈ ಮಹಾಶಯ ಒಂದು ಪೆಟ್ಟಿಗೆ ಹಿಡಿದುಕೊಂಡು ಬಂದು ನನ್ನ ಮನೆಯಲ್ಲಿ ಕೂತ.

ಕೂತವನು ಸುಮ್ಮನಾದರೂ ಇರಬಾರದೇ? ನಡುಮನೆಯಲ್ಲಿ ಮೀನಿನ ತೊಟ್ಟಿ ಇಡುತ್ತೇನೆ ಎಂದ. ಒಳಗೆ ಗಿಡ ಬೆಳೆಸುತ್ತಾನಂತೆ.

“ಮಗಳಿಗೆ ಮೂರು ವರ್ಷದಿಂದ ಮಾಡಿಕೊಡ್ತೀನಿ ಅಂತ ಹೇಳ್ತಾನೇ ಇದೀನಿ ಅಕ್ಕ. ಈ ಸಲ ಅವಳಮ್ಮ ಷರತ್ತು ಹಾಕಿದಾಳೆ. ರಜೆ ಶುರುವಾಗೋ ಭಾನುವಾರಕ್ಕೆ ತೊಟ್ಟಿ ಸಿದ್ಧ ಇದ್ರೆ ಮಗೂನ ಒಂದು ತಿಂಗಳು ನನ್ನ ಹತ್ರ ಬಿಡ್ತಾಳಂತೆ. ಇಲ್ದಿದ್ರೆ ಇಲ್ಲ.”

“ಇಲ್ಲ ಅಂತಾನೇ ಬರ್ಕೋ” ಎಂದೆ.

ಮೂರಡಿ ಗಾಜಿನ ತೊಟ್ಟಿ ಬಂತು. ತಳಕ್ಕೆ ಮಣ್ಣು ಹಾಸಿದ, ಮೇಲೆ ಮರಳು ಮುಚ್ಚಿದ, ಚಿಮಟದಲ್ಲಿ ಹಿಡಿದು ಒಂದೊಂದೇ ಗಿಡ ನೆಟ್ಟ. ಮಣ್ಣು ಕದಡಬಾರದೆಂದು ನನ್ನ ಊಟದ ತಟ್ಟೆಯನ್ನೇ ಮರಳಿನ ಮೇಲಿಟ್ಟು ಅದರ ಮೇಲೆ ನೀರು ಸುರಿದ. ಅದೂ ನಲ್ಲಿಯಿಂದ ನೇರವಾಗಿ ಅಲ್ಲ. ಬಕೆಟ್ಟಿನಲ್ಲಿ ಎರಡು ದಿನ ಇಟ್ಟು, ಕ್ಲೋರಿನ್ ಹಾರಿಹೋದ ಮೇಲೆ ಹಾಕಬೇಕಂತೆ.

ನನಗೆ ಮೈಯೆಲ್ಲ ಉರಿಯಿತು. ನೀರು ಶುದ್ಧೀಕರಣ ಘಟಕದಲ್ಲಿ ಇಪ್ಪತ್ತೆರಡು ವರ್ಷದಿಂದ ದುಡಿಯುತ್ತಿರುವವಳು ನಾನು. ನೀರಿಗೆ ಎಷ್ಟು ಕ್ಲೋರಿನ್ ಬಿಡಬೇಕೆಂದು ನೋಡುವುದೇ ನನ್ನ ಕೆಲಸ. ಇಡೀ ಊರಿನ ಹೊಟ್ಟೆ ಕೆಡದಂತೆ ಕಾಯುವವಳ ನೀರು, ಇನ್ನೂ ಮನೆಗೆ ಬಂದಿರದ ಬೆರಳುದ್ದದ ಮೀನಿಗೆ ಒಗ್ಗುವುದಿಲ್ಲವಂತೆ.

ಮೀನೂ ಬರಲಿಲ್ಲ. ಒಂದು ವಾರವಾಯಿತು, ಎರಡಾಯಿತು. ದಿನಾ ಬೆಳಗ್ಗೆ ಖಾಲಿ ತೊಟ್ಟಿಗೆ ಒಂದು ಚಿಟಿಕೆ ಮೀನಿನ ಆಹಾರ ಉದುರಿಸುತ್ತಿದ್ದ. ಇಲ್ಲದ ಮೀನಿಗೆ ಊಟ ಹಾಕುವವನನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗಿಡದ ಹಳೆ ಎಲೆಗಳು ಬೇರೆ ಕೊಳೆತು ಲೋಳೆಯಾದವು.

“ಆಹಾರ ಕೊಳೆತು ವಿಷ ಆಗುತ್ತೆ ಅಕ್ಕ. ಆ ವಿಷ ತಿನ್ನೋ ಬ್ಯಾಕ್ಟೀರಿಯಾ ಮೊದಲು ಬೆಳೀಬೇಕು. ಅದಕ್ಕೇ ಐದು ವಾರ. ಅವು ಎಲ್ಲಿರ್ತವೆ ಗೊತ್ತಾ...”

“ನಾನು ದಿನವಿಡೀ ಕೊಲ್ಲೋದನ್ನ ನೀನು ನನ್ನ ಮನೇಲೇ ಸಾಕ್ತಿದೀಯಾ? ಭೇಷ್” ಎಂದು ನಾನು ಎದ್ದು ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ, ಆದರೂ ಅಡುಗೆಮನೆಗೆ ಹೋದೆ. ಮರುದಿನ ಘಟಕದಲ್ಲಿ ಎಲ್ಲರಿಗೂ ಹೇಳಿದೆ, ನನ್ನ ತಮ್ಮ ನೀರು ಸಾಕಿಕೊಂಡಿದ್ದಾನೆ ಎಂದು. ಪಂಪು ನೋಡಿಕೊಳ್ಳುವವನಂತೂ ನೀರು ಮರಿ ಹಾಕಿತೇ ಎಂದು ದಿನಾ ಕೇಳತೊಡಗಿದ.

ತಮ್ಮ ಗಾಜಿನ ಕೊಳವೆಯಲ್ಲಿ ತೊಟ್ಟಿಯ ನೀರು ಹಿಡಿದು ಔಷಧದ ಹನಿ ಬಿಟ್ಟು ನೋಡುತ್ತಿದ್ದ. ಹಸಿರಾದರೆ ವಿಷ ಇದೆ, ಹಳದಿಯಾದರೆ ಇಲ್ಲ. ಐದನೇ ವಾರ ಹಳದಿಯಾಯಿತು. ಗಿಡಗಳೂ ಹೊಸ ಚಿಗುರು ಬಿಟ್ಟಿದ್ದವು. ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನನ್ನನ್ನು ಕರೆದ.

“ಮೂತ್ರ ಪರೀಕ್ಷೆ ಮಾಡಿದ ಹಾಗಿದೆ” ಎಂದೆ. ಅವನು ನಕ್ಕ. ಅವನಿಗೆ ನಾಚಿಕೆ ಎನ್ನುವುದೇ ಇಲ್ಲ.

ಶುಕ್ರವಾರ ನನಗೆ ರಜೆ. ಅವನು ಕೆಲಸಕ್ಕೆ ಹೋಗಿದ್ದ. ಭಾನುವಾರ ಮಗು ಬರುತ್ತದಲ್ಲ ಎಂದು ಮನೆಯೆಲ್ಲ ಗುಡಿಸಿ ಒರೆಸಿದೆ. ತೊಟ್ಟಿಯ ಫಿಲ್ಟರಿನೊಳಗೆ ಒಂದು ಸ್ಪಂಜು. ಥೂ, ಕಂದು ಬಣ್ಣದ ಲೋಳೆ ಮೆತ್ತಿಕೊಂಡು ಮುಟ್ಟಲು ಹೇಸಿಗೆಯಾಗುತ್ತಿತ್ತು. ಐದು ವಾರದಲ್ಲಿ ಒಂದು ದಿನವಾದರೂ ಇದನ್ನು ತೊಳೆಯಲು ಈ ಸೋಮಾರಿಗೆ ಆಗಲಿಲ್ಲವಲ್ಲ ಎಂದು ಬೈದುಕೊಂಡೇ ನಲ್ಲಿಯ ಕೆಳಗೆ ಹಿಡಿದು, ಬೆಳ್ಳಗಾಗುವವರೆಗೆ ಹಿಂಡಿ ಹಿಂಡಿ ತೊಳೆದು ಮತ್ತೆ ಅಲ್ಲೇ ಇಟ್ಟೆ.

ಶನಿವಾರ ಬೆಳಗ್ಗೆ ಕೊಳವೆ ಹಸಿರಾಯಿತು. ತಮ್ಮ ಇನ್ನೊಂದು ಸಲ ನೋಡಿದ. ಆಮೇಲೆ ಫಿಲ್ಟರ್ ಬಿಚ್ಚಿದ.

“ಅಕ್ಕ, ಇದನ್ನ ತೊಳೆದ್ಯಾ?”

“ಮತ್ತೆ? ಮಗು ಬರೋ ಮನೇಲಿ ಆ ಗಲೀಜು ಇರ್ಬೇಕಿತ್ತಾ?”

“ನಲ್ಲಿ ನೀರಲ್ಲಿ ತೊಳೆದ್ಯಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ನೆಲದ ಮೇಲೆ ಕೂತುಬಿಟ್ಟ. “ಆ ಬ್ಯಾಕ್ಟೀರಿಯಾ ಇರ್ತಿದ್ದಿದ್ದೇ ಇದರಲ್ಲಿ.”

ಹೆಚ್ಚು ವಿವರಿಸುವ ಅಗತ್ಯವಿರಲಿಲ್ಲ. ಕ್ಲೋರಿನ್ ನೀರು ಏನು ಮಾಡುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಬಾಯಿ ಸುಮ್ಮನಿರಬೇಕಲ್ಲ. “ನಾಳೆ ನಾಲ್ಕು ಮೀನು ತಂದು ಬಿಡು. ಯಾರಿಗೆ ಗೊತ್ತಾಗುತ್ತೆ?” ಎಂದೆ.

“ಮೊದಲನೇ ದಿನ ಚೆನ್ನಾಗೇ ಓಡಾಡ್ತವೆ ಅಕ್ಕ. ನಾಲ್ಕನೇ ದಿನ ಅವಳ ಕಣ್ಣೆದುರಿಗೇ ಸಾಯ್ತವೆ.”

ನನ್ನೆದುರೇ ಹೆಂಡತಿಗೆ ಫೋನು ಮಾಡಿದ. “ಇಲ್ಲ, ಸಿದ್ಧ ಆಗಿಲ್ಲ... ಹೂಂ, ನಂದೇ ತಪ್ಪು... ಇನ್ನೂ ಐದು ವಾರ ಬೇಕು. ಹೌದು, ರಜೆ ಮುಗಿಯುತ್ತೆ, ಗೊತ್ತು. ಮಗೂಗೆ ಒಂಚೂರು ಫೋನ್ ಕೊಡ್ತೀಯಾ?” ಕೊಡಲಿಲ್ಲವೆಂದು ಕಾಣುತ್ತದೆ. ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ನನ್ನ ಹೆಸರು ಎತ್ತಲೇ ಇಲ್ಲ. ಎತ್ತಿದ್ದರೆ ನಾಲ್ಕು ಮಾತು ಜಗಳವಾಡಿ ನಾನೂ ಹಗುರವಾಗುತ್ತಿದ್ದೆ. ಆ ಉಪಕಾರವನ್ನೂ ಮಾಡಲಿಲ್ಲ.

ಬಾಲ್ಕನಿಗೆ ಹೋಗಿ, ಅರ್ಧ ಬಣ್ಣದ ಗೋಡೆಯ ಪಕ್ಕ ನಿಂತು ನಾನೇ ಅವನ ಹೆಂಡತಿಗೆ ಫೋನು ಹಚ್ಚಿದೆ.

“ಕೆಡಿಸಿದ್ದು ನಾನಮ್ಮ. ಅವನು ಮುಗಿಸಿದ್ದ. ಪೂರ್ತಿ ಮುಗಿಸಿದ್ದ.”

“ಬಿಡಿ ಅತ್ತಿಗೆ, ತಮ್ಮ ಅಂತ ಮುಚ್ಚಿಹಾಕ್ತಿದೀರ.”

“ನಾನ್ಯಾವತ್ತು ಅವನ ಪರ ಮಾತಾಡಿದೀನಿ ಹೇಳು?”

“ಅದೂ ನಿಜವೇ” ಎಂದಳು. ಆಮೇಲೆ ಬೇಸರವೇ ಇಲ್ಲದ ದನಿಯಲ್ಲಿ ಹೇಳಿದಳು: “ಮದುವೆಯಾಗಿ ಬಂದ ವಾರವೇ ಅಡುಗೆಮನೇಲಿ ಹೇಳಿದ್ರಲ್ಲ ಅತ್ತಿಗೆ, ಇವನು ಏನನ್ನೂ ಮುಗಿಸೋನಲ್ಲ, ಅರ್ಧಂಬರ್ಧ ಅಂತ. ನಾನಾಗ ನಂಬಿರಲಿಲ್ಲ. ಈಗ ಮಗಳೂ ಅವಳಪ್ಪನ್ನ ಹಾಗೇ ಕರೀತಾಳೆ.”

ಫೋನು ಇಟ್ಟಳು. ಒಳಗೆ ಬಂದೆ. ತಮ್ಮ ಸ್ಪಂಜನ್ನು ಅದರ ಜಾಗಕ್ಕೆ ಸೇರಿಸಿ, ಖಾಲಿ ತೊಟ್ಟಿಗೆ ಒಂದು ಚಿಟಿಕೆ ಆಹಾರ ಉದುರಿಸುತ್ತಿದ್ದ. ನಾನು ಬಕೆಟ್ ತೆಗೆದುಕೊಂಡು ಹೋಗಿ ನಲ್ಲಿ ನೀರು ತುಂಬಿಸಿ, ಎರಡು ದಿನ ಯಾರೂ ಮುಟ್ಟದ ಮೂಲೆಯಲ್ಲಿಟ್ಟೆ.