ಸ್ಟಿಂಗ್‌ರೇಗೆಂದು ತಂದ ಸೀಗಡಿ

"ಯಾರಿಗ್ರೀ ಸರ, ಸಿಗಡಿ?"

ವಿಪುಲ ಪೊಟ್ಟಣವನ್ನು ಬೆನ್ನ ಹಿಂದೆ ಸರಿಸಿದ. ಆಗಲೇ ತಡವಾಗಿತ್ತು. ಗುರುತಿನವರು ಸಿಗಲಾರರೆಂದು ಬಂದಿದ್ದ ಖಾನಾಪುರದ ಮೀನುಪೇಟೆಯಲ್ಲಿ ಎದುರಿಗೇ ನಿಂತಿದ್ದವರು ಅವನ ಕಾಲೇಜಿನ ಹೆಡ್‌ಕ್ಲಾರ್ಕ್ ಧನಪಾಲ. ಅವನಂತೆಯೇ ಜೈನರು, ಉಳ್ಳಾಗಡ್ಡಿಯನ್ನೂ ಮುಟ್ಟದವರೆಂದು ಹೆಸರಾದವರು.

ನಿಜ ಹೇಳಬಹುದಿತ್ತು. ಬೆಳಗಾವಿಯ ಬಾಡಿಗೆ ಮನೆಯ ಗಾಜಿನ ತೊಟ್ಟಿಯಲ್ಲಿ ಅವನೊಂದು ಸ್ಟಿಂಗ್‌ರೇ ಸಾಕಿದ್ದ: ತಟ್ಟೆಯಂಥ ಚಪ್ಪಟೆ ಮೀನು, ಬಾಲದಲ್ಲಿ ವಿಷದ ಮುಳ್ಳು. ಬಟಾಣಿ ಹಾಕಿದ್ದ, ಅದು ಮೂಸಿಯೂ ನೋಡಿರಲಿಲ್ಲ. ಹೀಗಾಗಿ ತತ್ತ್ವಶಾಸ್ತ್ರದ ಅಧ್ಯಾಪಕ ಅಹಿಂಸೆಯ ಪಾಠ ಮುಗಿಸಿ, ಅದೇ ಸೀಮೆಸುಣ್ಣದ ಕೈಯಲ್ಲಿ ಸೀಗಡಿ ಆರಿಸುತ್ತಿದ್ದ.

"ಅದು... ಹಿಂಗ..." ಎಂದ.

ಧನಪಾಲ ಅತ್ತಿತ್ತ ನೋಡಿ ಅವನ ಹೆಗಲ ಮೇಲೆ ಕೈಹಾಕಿದರು. "ಅಂಜಬ್ಯಾಡ್ರಿ. ನಾನೂ ತಿಂತೀನಿ. ಹನ್ನೆರಡು ವರ್ಷಾತು, ಹೆಂಡ್ತಿಗೂ ಗೊತ್ತಿಲ್ಲ. ಹೇಳಿಕೊಳ್ಳಾಕ ಒಬ್ರೂ ಇರಲಿಲ್ಲ ನೋಡ್ರಿ."

ಕೈ ಬೆಚ್ಚಗಿತ್ತು. ಆರು ವರ್ಷದ ನೌಕರಿಯಲ್ಲಿ ಯಾರೂ ಅವನನ್ನು ಹೀಗೆ ಮುಟ್ಟಿರಲಿಲ್ಲ. ವಿಪುಲ ಪೊಟ್ಟಣವನ್ನು ಬೆನ್ನ ಹಿಂದಿನಿಂದ ಮುಂದಕ್ಕೆ ತಂದ.

ಬಸ್ಸಿನಲ್ಲಿ ಧನಪಾಲ ಪಕ್ಕಕ್ಕೇ ಕೂತರು. ಬೆಳಗಾವಿ ಬರುವಷ್ಟರಲ್ಲಿ ಮಸಾಲೆ ಯಾವುದು, ಎಣ್ಣೆ ಎಷ್ಟು, ಎಲ್ಲ ನಿಕ್ಕಿಯಾಗಿತ್ತು.

"ನಿಮ್ಮ ಮನ್ಯಾಗ ಮಾಡೂಣು. ನಿಮಗೇನು, ಕೇಳಾವ್ರಿಲ್ಲ ಹೇಳಾವ್ರಿಲ್ಲ."

ಮನೆಯೊಳಗೆ ಬಂದವರು ತೊಟ್ಟಿಯೆದುರು ಗಕ್ಕನೆ ನಿಂತರು. ಮುಖ ಸಪ್ಪಗಾಯಿತು.

"ಸಿಗಡಿ ಇದಕ್ಕೇನ್ರಿ ಮತ್ತ?"

ಆ ದನಿಯಲ್ಲಿ ಹನ್ನೆರಡು ವರ್ಷದ ಒಂಟಿತನ ಮರಳಿ ಬರುತ್ತಿರುವುದು ವಿಪುಲನಿಗೆ ಕೇಳಿಸಿತು. ಅಥವಾ ಅದು ತನ್ನದೇ ಇದ್ದೀತು.

"ಛೇ. ಅದು ಬಟಾಣಿ ತಿಂತೈತ್ರಿ."

"ಖರೇ?"

"ಖರೇ."

ಧನಪಾಲ ಅಂಗಿಯ ತೋಳು ಮಡಚಿ, ಏನನ್ನೋ ಗುನುಗುತ್ತ ಒಲೆ ಹೊತ್ತಿಸಿದರು. ಸೀಗಡಿಯಷ್ಟೂ ಹುರಿದು ತಟ್ಟೆಗೆ ಬಂತು. ಅವರು ಕಣ್ಣು ಮುಚ್ಚಿ ತಿಂದರು. ಕಣ್ಣಂಚಿನಲ್ಲಿ ನೀರು; ಖಾರಕ್ಕೋ ಸಂತೋಷಕ್ಕೋ ತಿಳಿಯಲಿಲ್ಲ.

"ತಗೋರಿ ಸರ, ನಾಚಬ್ಯಾಡ್ರಿ."

ವಿಪುಲ ಒಂದನ್ನು ಬಾಯಿಗಿಟ್ಟ. ಹುಟ್ಟಿದಾಗಿನಿಂದ ಮೊದಲನೆಯದು. ಅಗಿಯಲಾಗಲಿಲ್ಲ, ಉಗುಳಲಾಗಲಿಲ್ಲ. ಕೆನ್ನೆಯ ಸಂದಿಗೆ ತಳ್ಳಿದ.

"ಹೆಂಗೈತಿ?"

"ಹ್ಞೂಂ."

"ನೋಡ್ರಿ, ನಿಮ್ಮ ಮೀನೂ ನಗಾಕತ್ತೈತಿ!"

ವಿಪುಲ ತಿರುಗಿದ. ಹಸಿದ ಸ್ಟಿಂಗ್‌ರೇ ಗಾಜಿಗೆ ಹೊಟ್ಟೆಯೊತ್ತಿ ಮೇಲೇರುತ್ತಿತ್ತು. ಬಿಳಿಯ ಅಡಿಮೈಯಲ್ಲಿ ಕಣ್ಣಿನಂಥ ಎರಡು ಹೊಳ್ಳೆ, ಕೆಳಗೊಂದು ಬಾಯಿ: ಥೇಟ್ ನಗುವ ಕೂಸಿನ ಮುಖ. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ನಿಜವಾದ ಕಣ್ಣುಗಳು ಮಾತ್ರ ಮೈಯ ಆಚೆ ಬದಿಗಿದ್ದವು, ಖಾಲಿ ಗೋಡೆಯ ಕಡೆಗೆ.